ಪೇವರ್ ಹಾಕುವ ಮುಂಚೆ ನೆಲ ಗಟ್ಟಿ ಮಾಡುವುದು: ಪ್ಲೇಟ್ ಕಂಪ್ಯಾಕ್ಟರ್ ಎಲ್ಲಿ ಸಾಕು, ಎಲ್ಲಿ ಸಾಲದು

ಮನೆ ಮುಂದೆ ಪೇವರ್ ಬ್ಲಾಕ್ ಹಾಕಿಸುವವರು ಬ್ಲಾಕಿನ ಬಣ್ಣ, ಆಕಾರ, ಚದರ ಅಡಿ ರೇಟು ಎಲ್ಲವನ್ನೂ ಹತ್ತು ಕಡೆ ವಿಚಾರಿಸುತ್ತಾರೆ. ಕೆಳಗಿನ ನೆಲವನ್ನು ಯಾವುದರಲ್ಲಿ ಗಟ್ಟಿ ಮಾಡುತ್ತೀರಿ ಎಂದು ಮೇಸ್ತ್ರಿಯನ್ನು ಕೇಳುವವರು ಮಾತ್ರ ಕಡಿಮೆ. ಎರಡು ಮಳೆಗಾಲ ಕಳೆಯುತ್ತದೆ. ಕಾರಿನ ಚಕ್ರ ಓಡಾಡುವ ಸಾಲು ತಗ್ಗಾಗಿ ನೀರು ನಿಲ್ಲುತ್ತದೆ. ಆಗ ಬ್ಲಾಕ್ ಕಂಪನಿಯನ್ನು ಬೈಯುತ್ತಾರೆ. ಬ್ಲಾಕ್ ಪಾಪ ಏನೂ ಮಾಡಿರುವುದಿಲ್ಲ. ಕುಸಿದಿರುವುದು ಅದರ ಕೆಳಗಿನ ಜಲ್ಲಿ, ಇಲ್ಲವೇ ಅದಕ್ಕೂ ಕೆಳಗಿನ ಮಣ್ಣು.

ಇಲ್ಲಿ ಹೇಳುತ್ತಿರುವುದೆಲ್ಲ ಮನೆ ಮಟ್ಟದ ಕೆಲಸಕ್ಕೆ. ಅಂಗಳ, ಕಾರು ನಿಲ್ಲಿಸುವ ಜಾಗ, ಮನೆಯ ಪಕ್ಕದ ಓಣಿ, ತೋಟದೊಳಗಿನ ಕಾಲುದಾರಿ, ಇಷ್ಟೇ. ಇದಕ್ಕೆ ನಮ್ಮ ಮುಂದಿರುವ ಸಾಧನಗಳು ಕೈ ದಮ್ಮಸು, ಸಾಮಾನ್ಯ ಪ್ಲೇಟ್ ಕಂಪ್ಯಾಕ್ಟರ್, ನೆಗೆದು ಗುದ್ದುವ ರ್ಯಾಮರ್, ಹಿಂದಕ್ಕೂ ಮುಂದಕ್ಕೂ ಚಲಿಸುವ ದೊಡ್ಡ ಪ್ಲೇಟ್, ಮತ್ತು ಬೇಬಿ ರೋಲರ್. ಇವುಗಳ ಜೊತೆ ಪೈಪೋಟಿಗೆ ಎರಡು ಬಿಟ್ಟಿ ಉಪಾಯಗಳೂ ಇರುತ್ತವೆ. ಒಂದು, ನೀರು ಬಿಟ್ಟು ಮಣ್ಣು ಕೂರಿಸುವುದು. ಇನ್ನೊಂದು, ಹೇಗೂ ಬಂದಿರುವ ಜೆಸಿಬಿಯನ್ನೇ ನಾಲ್ಕು ಸಲ ಓಡಿಸುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೆಷಿನ್ನಿನ ಶಕ್ತಿ ನೋಡಿ ಆಯ್ಕೆ ಮಾಡಬೇಡಿ, ಅದರ ಕೆಳಗೆ ಬರುವ ವಸ್ತು ನೋಡಿ ಮಾಡಿ. ಜಲ್ಲಿ, ಮರಳು, ಗರಸು (ಕಲ್ಲು ಚೂರು ಬೆರೆತ ಒರಟು ಮಣ್ಣು) ಮತ್ತು ಹಾಸಿದ ಬ್ಲಾಕ್, ಇವಕ್ಕೆ ಪ್ಲೇಟ್. ಅಂಟು ಮಣ್ಣು ಮತ್ತು ಪೈಪ್ ಹಾಕಿ ಮುಚ್ಚಿದ ಕಾಲುವೆ, ಇವಕ್ಕೆ ರ್ಯಾಮರ್. ಉಳಿದದ್ದೆಲ್ಲ ಇದರ ವಿವರ.

ನಡುಕ ಬೇರೆ, ಗುದ್ದು ಬೇರೆ

ಪ್ಲೇಟ್ ಕಂಪ್ಯಾಕ್ಟರಿನ ತಳದಲ್ಲಿ ದಪ್ಪ ಉಕ್ಕಿನ ತಟ್ಟೆ ಇರುತ್ತದೆ. ಅದರ ಮೇಲಿನ ಡಬ್ಬಿಯೊಳಗೆ ಒಂದೇ ಪಕ್ಕಕ್ಕೆ ಭಾರ ಕೂರಿಸಿದ ಶಾಫ್ಟ್ ತಿರುಗುತ್ತದೆ. ಎಂಜಿನ್ನಿನಿಂದ ಬೆಲ್ಟ್ ಮೂಲಕ ಅದಕ್ಕೆ ವೇಗ ಬರುತ್ತದೆ. ಭಾರ ಒಂದು ಪಕ್ಕಕ್ಕೆ ಇರುವುದರಿಂದ ಪ್ರತಿ ಸುತ್ತಿಗೂ ತಟ್ಟೆ ಸ್ವಲ್ಪ ಎದ್ದು ಬೀಳುತ್ತದೆ. ನಿಮಿಷಕ್ಕೆ ಸುಮಾರು 5,500ರಿಂದ 6,000 ಸಲ. ಎತ್ತರ ಒಂದೆರಡು ಮಿಲಿಮೀಟರ್ ಅಷ್ಟೇ, ಆದರೆ ವೇಗ ಜಾಸ್ತಿ. ಈ ನಡುಕಕ್ಕೆ ಜಲ್ಲಿಯ ಕಲ್ಲುಗಳ ನಡುವಿನ ಹಿಡಿತ ಒಂದು ಕ್ಷಣ ಸಡಿಲವಾಗುತ್ತದೆ. ಚಿಕ್ಕವು ದೊಡ್ಡವುಗಳ ಸಂದಿಗೆ ಜಾರಿ ಕೂರುತ್ತವೆ. ಸೇರಿಗೆ ರಾಗಿ ತುಂಬಿ ಕುಲುಕಿದರೆ ಇನ್ನೊಂದು ಹಿಡಿ ಹಿಡಿಸುವುದಿಲ್ಲವೇ, ಅದೇ ಇಲ್ಲೂ ನಡೆಯುವುದು.

ಅಂಟು ಮಣ್ಣಿಗೆ ಈ ಕುಲುಕಾಟ ತಾಗುವುದೇ ಇಲ್ಲ. ಅದರ ಕಣಗಳು ತೀರಾ ಸಣ್ಣ. ನೀರಿನ ತೆಳು ಪದರದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಬೇರೆ ಮಾಡಿ ಹತ್ತಿರ ತರಲು ನಡುಕ ಸಾಲದು, ಗುದ್ದು ಬೇಕು. ರ್ಯಾಮರ್ ಮಾಡುವುದು ಅದನ್ನೇ. 60ರಿಂದ 75 ಕೆ.ಜಿ. ತೂಕದ ಮೆಷಿನ್ ನಿಮಿಷಕ್ಕೆ 600–700 ಸಲ ನೆಲದಿಂದ ಎರಡು ಮೂರು ಇಂಚು ನೆಗೆದು ಬೀಳುತ್ತದೆ. ಅದರ ಪಾದ ಒಂದು ಅಡಿಗಿಂತ ಕಿರಿದು. ಅಷ್ಟು ಚಿಕ್ಕ ಜಾಗದ ಮೇಲೆ ಅಷ್ಟೂ ಭಾರ ಬೀಳುವುದರಿಂದ ಅಂಟು ಮಣ್ಣಿನೊಳಗಿನ ಗಾಳಿ ಹೊರಗೆ ಬರುತ್ತದೆ.

ಬಾಡಿಗೆ ಅಂಗಡಿಯಲ್ಲಿ ಬರೀ ‘ಕಂಪ್ಯಾಕ್ಟರ್ ಬೇಕು’ ಎಂದರೆ ಈ ಎರಡರಲ್ಲಿ ಯಾವುದನ್ನಾದರೂ ಕೊಟ್ಟಾರು. ತಳ ಅಗಲವಾಗಿ ಚಪ್ಪಟೆಯಾಗಿರುವುದು ಬೇಕೋ, ಕಿರಿ ಪಾದದ್ದು ಬೇಕೋ ಎಂದು ಬಿಡಿಸಿ ಹೇಳಿ.

ನಿಮ್ಮ ಮಣ್ಣು ಯಾವುದು?

ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣಿನಲ್ಲಿ ಮರಳೂ ಇದೆ, ಸ್ವಲ್ಪ ಅಂಟೂ ಇದೆ. ತೇವ ಸರಿಯಾಗಿದ್ದರೆ ಇದು ಚೆನ್ನಾಗಿ ಗಟ್ಟಿಯಾಗುತ್ತದೆ. ಸಾಮಾನ್ಯ ಪ್ಲೇಟ್ ಸಾಕು, ಪದರ ತೆಳುವಾಗಿರಬೇಕು ಅಷ್ಟೇ. ಇಲ್ಲಿನ ತೊಂದರೆ ಮಣ್ಣಿನದಲ್ಲ, ತುಂಬಿದ ಡೆಬ್ರಿಸ್‌ನದು. ಸೈಟ್ ಎತ್ತರ ಮಾಡಲು ಒಡೆದ ಇಟ್ಟಿಗೆ, ಗಾರೆ ಚೂರು, ಪ್ಲಾಸ್ಟಿಕ್ ಎಲ್ಲ ಸುರಿದಿದ್ದರೆ ಮೇಲಿನಿಂದ ಯಾವ ಮೆಷಿನ್ ಓಡಿಸಿದರೂ ಒಳಗಿನ ಪೊಳ್ಳು ತುಂಬುವುದಿಲ್ಲ. ಕಾರು ನಿಲ್ಲುವ ಜಾಗದಲ್ಲಾದರೂ ಅದನ್ನು ತೆಗೆಸಿ ಒಳ್ಳೆಯ ಮಣ್ಣು ಹಾಕಿಸಿ. ಹುಲ್ಲು, ಬೇರು ಇರುವ ಮೇಲಿನ ಅರ್ಧ ಅಡಿ ಮಣ್ಣೂ ಹೋಗಬೇಕು. ಬೇರು ಕೊಳೆತ ಮೇಲೆ ಆ ಜಾಗ ಕುಸಿಯುತ್ತದೆ.

ಕರಾವಳಿ ಮತ್ತು ಮಲೆನಾಡಿನ ಲೆಕ್ಕ ಬೇರೆ. ಮುರಕಲ್ಲಿನ ಚೂರು ಬೆರೆತ ಕೆಂಪು ಮಣ್ಣು ಒಣಗಿದ್ದಾಗ ಪ್ಲೇಟಿಗೆ ಚೆನ್ನಾಗಿ ಕೂರುತ್ತದೆ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಹಿಡಿದ ಮೇಲೆ ಕೆಲಸ ಶುರು ಮಾಡಿದರೆ ಮೆಷಿನ್ ಕೆಳಗೆ ಮಣ್ಣು ತುಳುಕುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಆಗ ಇನ್ನೂ ನಾಲ್ಕು ಸುತ್ತು ಓಡಿಸುವುದು ವ್ಯರ್ಥ, ಕೆಲವೊಮ್ಮೆ ಮೊದಲಿಗಿಂತ ಕೆಡುತ್ತದೆ. ನಿಲ್ಲಿಸಿ, ಆರಲು ಬಿಡಬೇಕು. ಇಲ್ಲಿ ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋ ಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಹಾಕಿದ ದುಡ್ಡು ದಂಡವಲ್ಲ. ಒದ್ದೆ ಮಣ್ಣು ಜಲ್ಲಿಯೊಳಗೆ ಏರುವುದನ್ನು ಅದು ತಡೆಯುತ್ತದೆ.

ಉತ್ತರ ಕರ್ನಾಟಕದ ಎರೆ ಮಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಅಲ್ಲಿ ಮೆಷಿನ್ ಬಗ್ಗೆ ಯೋಚಿಸುವುದೇ ಎರಡನೇ ಮಾತು. ಗದಗ, ವಿಜಯಪುರ, ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದನ್ನು ನೋಡಿದವರಿಗೆ ಇದು ಗೊತ್ತು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇದನ್ನು ಒಣಗಿದ್ದಾಗ ಚೆನ್ನಾಗಿ ಗುದ್ದಿ ಬಿಗಿ ಮಾಡಿದರೆ ಉಬ್ಬುವಿಕೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ! ಬಿಗಿಯಾಗಿರುವ ಮಣ್ಣಿಗೆ ನೀರು ಬಿದ್ದಾಗ ಹಿಗ್ಗಲು ಒಳಗೆ ಜಾಗ ಇರುವುದಿಲ್ಲ, ಹಾಗಾಗಿ ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಇಲ್ಲಿ ದುಡ್ಡು ಮೊದಲು ಹೋಗಬೇಕಾದದ್ದು ಗರಸಿಗೆ. ಒಂದೂವರೆ ಎರಡು ಅಡಿ ಎರೆ ಮಣ್ಣು ತೆಗೆದು ಗರಸು ತುಂಬಿ, ಆ ಗರಸನ್ನು ಪದರ ಪದರವಾಗಿ ಗಟ್ಟಿ ಮಾಡಬೇಕು. ಅಷ್ಟು ಅಗೆಯಲು ಆಗದಿದ್ದರೆ ಮಣ್ಣಿಗೆ ಸುಣ್ಣ ಬೆರೆಸುವ ದಾರಿ ಇದೆ. ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು. ಆದರೆ ಅಂಗಳದಲ್ಲಿ ಅದನ್ನು ಸಮವಾಗಿ ಬೆರೆಸುವುದು ಕಷ್ಟ. ನಾನಾದರೆ ಗರಸನ್ನೇ ಆರಿಸುತ್ತೇನೆ. ಜೊತೆಗೆ ಗರಸು ತುಂಬಿದ ಗುಂಡಿ ನೀರಿನ ತೊಟ್ಟಿಯಾಗದ ಹಾಗೆ ಮನೆಯ ಮಾಳಿಗೆ ನೀರನ್ನು ಅಲ್ಲಿಂದ ದೂರ ಹರಿಸಬೇಕು.

ಪದರ ಮತ್ತು ನೀರು, ಇವೆರಡು ಕೆಟ್ಟರೆ ಮೆಷಿನ್ ಏನೂ ಮಾಡದು

80–100 ಕೆ.ಜಿ. ಪ್ಲೇಟ್ ಹಿಂದೆ ಹತ್ತು ನಿಮಿಷ ನಡೆದರೆ ನೆಲ ನಡುಗುವುದು ಕಾಲಿಗೆ ಗೊತ್ತಾಗುತ್ತದೆ. ಅದನ್ನು ನೋಡಿ ಎರಡು ಅಡಿ ಆಳದವರೆಗೂ ಗಟ್ಟಿಯಾಯಿತು ಅಂದುಕೊಳ್ಳುತ್ತೇವೆ. ನಿಜದಲ್ಲಿ ಈ ಅಳತೆಯ ಪ್ಲೇಟ್ ಒಂದು ಸಲಕ್ಕೆ ಚೆನ್ನಾಗಿ ಹಿಡಿದಿಡುವುದು ನಾಲ್ಕರಿಂದ ಆರು ಇಂಚು. ಒಂದು ಅಡಿ ಜಲ್ಲಿಯನ್ನು ಒಟ್ಟಿಗೆ ಸುರಿದು ಮೇಲೆ ಹತ್ತು ಸುತ್ತು ಓಡಿಸಿದರೆ ಮೇಲ್ಭಾಗ ಬಿಗಿಯಾಗಿ, ಕೆಳಗೆ ಸಡಿಲವಾಗಿಯೇ ಉಳಿಯುತ್ತದೆ. ಕೆಲಸಗಾರರಿಗೆ ಒಂದೇ ಸಲ ಸುರಿಯುವುದು ಸುಲಭ. ಬಿಟ್ಟರೆ ಎಲ್ಲರೂ ಹಾಗೇ ಮಾಡುತ್ತಾರೆ. ನೀವು ನಿಂತು ನೋಡಬೇಕಾದ ಒಂದೇ ಹೊತ್ತು ಎಂದರೆ ಇದು.

ನೀರಿನ ವಿಷಯ 1933ರಿಂದ ಲೆಕ್ಕಕ್ಕೆ ಸಿಕ್ಕಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್, ಪ್ರತಿ ಮಣ್ಣಿಗೂ ಒಂದು ಹದದ ತೇವ ಇದೆ, ಆಗ ಮಾತ್ರ ಅದೇ ಗುದ್ದಿಗೆ ಅದು ಅತಿ ಹೆಚ್ಚು ಬಿಗಿಯಾಗುತ್ತದೆ ಎಂದು ತೋರಿಸಿಕೊಟ್ಟರು. ನಮ್ಮ ದೇಶದ ಐಎಸ್ 2720 ಮಾನಕದ 7 ಮತ್ತು 8ನೇ ಭಾಗಗಳಲ್ಲಿರುವುದು ಇದೇ ಪರೀಕ್ಷೆ. ಮನೆ ಅಂಗಳಕ್ಕೆ ಪ್ರಯೋಗಾಲಯ ಬೇಡ, ಮುಷ್ಟಿ ಸಾಕು. ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಹಿಸುಕಿ. ಉಂಡೆ ನಿಂತು, ಬೆರಳಲ್ಲಿ ಒತ್ತಿದಾಗ ಎರಡು ಮೂರು ತುಂಡಾದರೆ ಹದ ಸರಿ. ಉಂಡೆಯೇ ಕಟ್ಟದೆ ಪುಡಿಯಾದರೆ ನೀರು ಚಿಮುಕಿಸಿ. ಕೈಗೆ ಮೆತ್ತಿಕೊಂಡರೆ ಕಾಯಬೇಕು. ಹಿಂದಿನ ಸಂಜೆ ನೀರು ಚಿಮುಕಿಸಿ ಬೆಳಿಗ್ಗೆ ಮೆಷಿನ್ ತಂದರೆ ಕೆಂಪು ಮಣ್ಣಿಗೆ ಬಹಳ ಸಲ ಸರಿಹೋಗುತ್ತದೆ.

ಜಲ್ಲಿಯಲ್ಲೂ ಒಂದು ವಿಷಯ ಇದೆ. ನಮ್ಮಲ್ಲಿ 40 ಮಿ.ಮೀ. ಜಲ್ಲಿ ಹಾಸಿ ಅದರ ಮೇಲೆ ನೇರವಾಗಿ ಡಸ್ಟ್, ಅಂದರೆ ಕ್ರಷರ್‌ನ ಕಲ್ಲು ಪುಡಿ, ಸುರಿಯುವ ಪದ್ಧತಿ ಇದೆ. ಒಂದೇ ಅಳತೆಯ ಕಲ್ಲುಗಳ ನಡುವೆ ಪೊಳ್ಳು ಹಾಗೇ ಉಳಿಯುತ್ತದೆ. ಎಷ್ಟು ನಡುಗಿಸಿದರೂ ಆ ಪೊಳ್ಳು ಮುಚ್ಚುವ ಸಣ್ಣ ಕಲ್ಲು ಅಲ್ಲಿ ಇಲ್ಲವಲ್ಲ. ಮಳೆ ಬಂದಂತೆ ಮೇಲಿನ ಡಸ್ಟ್ ಆ ಪೊಳ್ಳಿಗೆ ಇಳಿಯುತ್ತದೆ, ಬ್ಲಾಕ್ ಅದರ ಹಿಂದೆಯೇ ಇಳಿಯುತ್ತದೆ. ದಪ್ಪ, ಸಣ್ಣ, ಪುಡಿ ಎಲ್ಲ ಬೆರೆತ ಜಲ್ಲಿ ಕೇಳಿ. ಕ್ರಷರ್‌ನಲ್ಲಿ ವೆಟ್ ಮಿಕ್ಸ್ ಎಂದು ಸಿಗುವುದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪ್ಲೇಟ್ ಕಂಪ್ಯಾಕ್ಟರಿನ ಪೂರ್ತಿ ಪ್ರಯೋಜನ ಸಿಗುವುದು ಇಂಥ ಜಲ್ಲಿಯ ಮೇಲೆಯೇ.

ಒಂದೊಂದಾಗಿ ನೋಡೋಣ

ಕೈ ದಮ್ಮಸಿನಿಂದ ಶುರು ಮಾಡೋಣ. ಕಬ್ಬಿಣದ ಚೌಕ ತಳಕ್ಕೆ ಉದ್ದನೆ ಹಿಡಿ, ತೂಕ ಎಂಟು ಹತ್ತು ಕೆ.ಜಿ. ಕಡಿಮೆ ಎಂದು ತಳ್ಳಿಹಾಕಬೇಡಿ. ಗಿಡದ ಪಾತಿ ಸುತ್ತ, ಗೋಡೆಯ ಮೂಲೆ, ಛೇಂಬರ್ ಅಂಚು, ಮೆಷಿನ್ ಹೋಗದ ಜಾಗಕ್ಕೆಲ್ಲ ಇದೇ ಬೇಕು. ಎರಡು ಅಡಿ ಅಗಲದ ಕಾಲುದಾರಿಗೂ ಸಾಕು. ಆದರೆ ಕಾರ್ ಪಾರ್ಕಿಂಗ್‌ಗೆ ಲೆಕ್ಕ ಹಾಕಿ ನೋಡಿ. 10 ಅಡಿ ಅಗಲ 20 ಅಡಿ ಉದ್ದ ಎಂದರೆ ಸುಮಾರು 18.6 ಚದರ ಮೀಟರ್. ಆರು ಇಂಚಿನ ಚೌಕ ತಳದಿಂದ ಅಷ್ಟೂ ಜಾಗ ಮುಟ್ಟಲು 800 ಕಡೆ ಇಡಬೇಕು. ಒಂದೊಂದು ಕಡೆ ಐದು ಪೆಟ್ಟು ಎಂದರೂ ಒಂದು ಪದರಕ್ಕೆ 4,000 ಪೆಟ್ಟು. ಬೆಳಿಗ್ಗೆ ಬಿದ್ದ ಮೊದಲ ಪೆಟ್ಟೂ ಮಧ್ಯಾಹ್ನದ ಮೂರು ಸಾವಿರನೇ ಪೆಟ್ಟೂ ಒಂದೇ ಸಮ ಇರುತ್ತದೆ ಎಂದು ಯಾರೂ ನಂಬಬೇಕಾಗಿಲ್ಲ.

ಅದೇ ಜಾಗದಲ್ಲಿ ಅರ್ಧ ಮೀಟರ್ ಅಗಲದ ಪ್ಲೇಟ್ ಒಂದು ಸುತ್ತಿಗೆ ಸುಮಾರು 40 ಮೀಟರ್ ನಡೆಯಬೇಕು. ಪಕ್ಕದ ಸಾಲಿನ ಮೇಲೆ ಸ್ವಲ್ಪ ಹತ್ತಿಸಿಕೊಂಡು ಹೋದರೂ ಮೂರು ನಿಮಿಷದ ಕೆಲಸ. ನಾಲ್ಕು ಸುತ್ತು ಎಂದರೆ ಕಾಲು ಗಂಟೆಯ ಒಳಗೆ. ಅಂದರೆ ದಿನ ಪೂರ್ತಿ ಬಾಡಿಗೆಗೆ ತಂದ ಮೆಷಿನ್ ಹೆಚ್ಚು ಹೊತ್ತು ಸುಮ್ನೆ ನಿಂತಿರುತ್ತದೆ. ಜಲ್ಲಿ ಹರಡುವುದು, ಮಟ್ಟ ನೋಡುವುದು, ಇವಕ್ಕೇ ಸಮಯ ಹೋಗುವುದು. ಹಾಗಾಗಿ ಪ್ಲೇಟ್ ಬರುವ ಮುಂಚೆ ಅಗೆತ, ಅಂಚು ಕಟ್ಟುವ ಕೆಲಸ ಮುಗಿದು, ಜಲ್ಲಿ ಗೇಟಿನ ಬಳಿ ಬಿದ್ದಿರಬೇಕು. ಒಮ್ಮೆ ಜಲ್ಲಿಗೆ, ಇನ್ನೊಮ್ಮೆ ಬ್ಲಾಕ್ ಹಾಸಿದ ಮೇಲೆ, ಹೀಗೆ ಎರಡು ದಿನಕ್ಕೆ ಬಾಡಿಗೆ ಮಾತಾಡುವುದು ಜಾಣತನ.

ಮನೆ ಕೆಲಸಕ್ಕೆ 80ರಿಂದ 100 ಕೆ.ಜಿ. ತೂಕ, 13ರಿಂದ 20 ಕಿಲೋ ನ್ಯೂಟನ್ ಬಲದ ಪ್ಲೇಟ್ ಸರಿಯಾದ ಅಳತೆ. ಹತ್ತು ಕಿಲೋ ನ್ಯೂಟನ್ ಎಂದರೆ ಹೆಚ್ಚು ಕಡಿಮೆ ಒಂದು ಟನ್ ಭಾರ ಒತ್ತಿದ ಹಾಗೆ. ಇದಕ್ಕಿಂತ ತೀರಾ ಹಗುರವಾದ 50–60 ಕೆ.ಜಿ. ಪ್ಲೇಟ್ ಕಾಲುದಾರಿಗೆ ಆದೀತು, ಆರು ಇಂಚು ಜಲ್ಲಿಗೆ ಸಾಲದು.

ದೊಡ್ಡ ರಿವರ್ಸಿಬಲ್ ಪ್ಲೇಟ್ ಅಂಗಳಕ್ಕೆ ಅತಿಯಾಯಿತು. 150 ಕೆ.ಜಿ.ಯಿಂದ ಶುರುವಾಗಿ 400 ಕೆ.ಜಿ. ದಾಟುತ್ತದೆ. ಇದು ಒಂದು ಸಲಕ್ಕೆ ಹೆಚ್ಚು ದಪ್ಪದ ಪದರ ಹಿಡಿಯುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ, ಎಲ್ಲ ನಿಜ. ಆದರೆ ಇಳಿಸಲು ಹತ್ತಿಸಲು ಜನ ಬೇಕು. ಹಳೆಯ ಕಾಂಪೌಂಡ್ ಪಕ್ಕದಲ್ಲಿ, ಅದರಲ್ಲೂ ಸೈಜುಗಲ್ಲನ್ನು ಮಣ್ಣಿನಲ್ಲಿ ಕಟ್ಟಿದ ಗೋಡೆ ಪಕ್ಕದಲ್ಲಿ, ಇದರ ನಡುಕ ಒಳ್ಳೆಯದಲ್ಲ. 60 ಮಿ.ಮೀ. ಬ್ಲಾಕ್ ಮೇಲೆ ಇದನ್ನು ಹತ್ತಿಸಿದರೆ ಬ್ಲಾಕ್ ಒಡೆಯುತ್ತದೆ. ಮದುವೆ ಛತ್ರ, ಶಾಲೆ ಆವರಣ, ಲಾರಿ ಬರುವ ಗೋಡೌನ್ ಅಂಗಳಕ್ಕೆ ಇದು ಸರಿ. ಬೇಬಿ ರೋಲರ್ ಕೂಡ ಉದ್ದ ದಾರಿಗೆ ಮಾತ್ರ. ತೋಟದ ಮನೆಗೆ ಗೇಟಿನಿಂದ ನೂರಾರು ಅಡಿ ದಾರಿ ಇದ್ದರೆ ವಿಚಾರಿಸಿ. ಮೂಲೆಗಳಿಗೆ ಅದು ಹೋಗುವುದಿಲ್ಲ.

ರ್ಯಾಮರ್ ಬೇಕಾಗುವ ಜಾಗ ಬಹಳ ಮನೆಗಳಲ್ಲಿ ಇದ್ದೇ ಇರುತ್ತದೆ, ಯಾರೂ ಗಮನಿಸುವುದಿಲ್ಲ ಅಷ್ಟೇ. ಯುಜಿಡಿ (ಒಳಚರಂಡಿ) ಪೈಪ್, ಕಾವೇರಿ ನೀರಿನ ಪೈಪ್, ಕೇಬಲ್ ಇವನ್ನೆಲ್ಲ ಹಾಕಿ ಮುಚ್ಚಿದ ಸಾಲು, ಸಂಪ್ ಸುತ್ತ ಅಗೆದು ತುಂಬಿದ ಮಣ್ಣು. ಒಂದು ಅಡಿ ಅಗಲದ ಕಾಲುವೆಯೊಳಗೆ ಪ್ಲೇಟ್ ಇಳಿಯುವುದೇ ಇಲ್ಲ. ಮೇಲಿನಿಂದ ಓಡಿಸಿದರೆ ಅಕ್ಕಪಕ್ಕದ ಗಟ್ಟಿ ನೆಲದ ಮೇಲೆ ಪ್ಲೇಟ್ ನಿಂತುಬಿಡುತ್ತದೆ, ನಡುವಿನ ತುಂಬು ಮಣ್ಣಿಗೆ ಏನೂ ತಾಗುವುದಿಲ್ಲ. ಒಂದು ವರ್ಷದಲ್ಲಿ ಪೈಪ್ ಎಲ್ಲಿದೆ ಎಂದು ಬ್ಲಾಕ್‌ಗಳೇ ತೋರಿಸುತ್ತವೆ. ಅಂಥ ಸಾಲಿದ್ದರೆ ಅರ್ಧ ದಿನಕ್ಕಾದರೂ ರ್ಯಾಮರ್ ತನ್ನಿ. ಪೈಪ್ ಮೇಲೆ ಮೊದಲ ಒಂದು ಅಡಿ ಮಣ್ಣನ್ನು ಕೈ ದಮ್ಮಸಿನಲ್ಲೇ ಕೂರಿಸಿ, ಅದಕ್ಕಿಂತ ಮೇಲೆ ಮಾತ್ರ ಮೆಷಿನ್. ರ್ಯಾಮರ್ ಅನ್ನು ಹಾಸಿದ ಬ್ಲಾಕ್ ಮೇಲೆ ಮಾತ್ರ ಯಾವ ಕಾರಣಕ್ಕೂ ಇಡಬೇಡಿ.

ಇನ್ನು ಬಿಟ್ಟಿ ಉಪಾಯಗಳು. ನೀರು ಬಿಟ್ಟು ಕೂರಿಸುವುದು ಮರಳಿಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಏಕೆಂದರೆ ಮರಳಿನೊಳಗಿಂದ ನೀರು ಕೆಳಗೆ ಹರಿದು ಹೋಗುತ್ತದೆ. ಅಂಟು ಮಣ್ಣಿನಲ್ಲಿ ನೀರು ಹೋಗುವುದಿಲ್ಲ, ಕೆಸರಾಗುತ್ತದೆ, ಮೇಲೆ ಒಣಗಿ ಒಳಗೆ ವಾರಗಟ್ಟಲೆ ಮೆತ್ತಗೇ ಇರುತ್ತದೆ. ಮನೆ ಪಾಯದೊಳಗೆ ತುಂಬಿದ ಮಣ್ಣಿಗೆ ನೀರು ಬಿಡುವುದು ವಾಡಿಕೆ ಎಂದು ಅಂಗಳಕ್ಕೂ ಅದನ್ನೇ ಮಾಡಿದರೆ ಕಾರಿನ ಭಾರ ತಡೆಯುವುದಿಲ್ಲ. ಒಂದು ಮಳೆಗಾಲ ಹಾಗೇ ಬಿಡುವುದು ಇದಕ್ಕಿಂತ ವಾಸಿ, ಪುರುಸೊತ್ತು ಇದ್ದರೆ. ಅದೂ ಮೆಷಿನ್ನಿಗೆ ಬದಲಿ ಅಲ್ಲ.

ಜೆಸಿಬಿಯದು ಇನ್ನೊಂದು ಭ್ರಮೆ. ತೂಕ ಏಳು ಟನ್ ಮೇಲೆ, ನಿಜ. ಆದರೆ ಆ ಭಾರ ಬೀಳುವುದು ನಾಲ್ಕು ಟೈರಿನ ಪಟ್ಟಿಯ ಮೇಲೆ ಮಾತ್ರ. ಪಟ್ಟಿ ಗಟ್ಟಿ, ನಡುವೆ ಸಡಿಲ. ಬ್ಲಾಕ್ ಹಾಕಿದ ಮೇಲೆ ಏರುಪೇರಿನ ಕುಸಿತ ಇಲ್ಲಿಂದಲೇ ಶುರು. ಜೆಸಿಬಿ ಅಗೆಯಲಿ, ಮಣ್ಣು ಎತ್ತಲಿ. ಗಟ್ಟಿ ಮಾಡುವ ಕೆಲಸ ಅದಕ್ಕೆ ವಹಿಸಬೇಡಿ.

ಮೇಲೆ ಏನು ಹಾಸುತ್ತೀರಿ?

ಸಿಮೆಂಟ್ ಪೇವರ್ ಬ್ಲಾಕ್ ಆದರೆ ಪ್ಲೇಟ್ ಎರಡು ಹಂತದಲ್ಲೂ ಬೇಕು. ಕಾಲುದಾರಿಗೆ 50 ಮಿ.ಮೀ., ಕಾರಿಗೆ 60, ಲಾರಿ ಟ್ಯಾಂಕರ್ ಬರುವಲ್ಲಿ 80 ಎನ್ನುವುದು ಚಾಲ್ತಿಯ ಲೆಕ್ಕ. ಬ್ಲಾಕಿಗೆ ಐಎಸ್ 15658 ಎಂಬ ಮಾನಕ ಇದೆ, ಕೊಳ್ಳುವಾಗ ಕೇಳಿ.

ಶಹಾಬಾದ್ ಕಲ್ಲು, ಕಡಪ ಕಲ್ಲು, ಗ್ರಾನೈಟ್ ಚಪ್ಪಡಿ ಹಾಸುವುದಾದರೆ ಪ್ಲೇಟ್ ಜಲ್ಲಿಯ ಮಟ್ಟಕ್ಕೇ ನಿಲ್ಲಬೇಕು. ಚಪ್ಪಡಿ ಮೇಲೆ ಓಡಿಸಿದರೆ ಕಣ್ಣೆದುರೇ ಸೀಳುತ್ತದೆ. ಕಲ್ಲನ್ನು ಗಾರೆಯ ಮೇಲೆ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕು. ಅಂದರೆ ಕಲ್ಲು ಹಾಸುವವರಿಗೆ ಮೆಷಿನ್ ಬಾಡಿಗೆ ಅರ್ಧ. ಆದರೆ ಕೆಳಗಿನ ಪದರದಲ್ಲಿ ಸಡಿಲ ಇದ್ದರೆ ಅವರಿಗೆ ನಷ್ಟ ಹೆಚ್ಚು, ಏಕೆಂದರೆ ಬ್ಲಾಕನ್ನು ಎತ್ತಿ ಮತ್ತೆ ಹಾಸಬಹುದು, ಗಾರೆಗೆ ಕಚ್ಚಿದ ಕಲ್ಲನ್ನು ಇಡಿಯಾಗಿ ಎತ್ತುವುದು ಕಷ್ಟ.

ಬಾಡಿಗೆಯೋ, ಕೊಳ್ಳುವುದೋ? ಪೆಟ್ರೋಲೋ, ಕರೆಂಟೋ?

ಒಂದು ಮನೆಗೆ ಕೊಳ್ಳುವುದು ಬೇಡ. ಇದರಲ್ಲಿ ಎರಡನೇ ಯೋಚನೆ ಇಲ್ಲ. ವರ್ಷಕ್ಕೆ ಹಲವು ಪೇವರ್ ಕೆಲಸ ಹಿಡಿಯುವ ಮೇಸ್ತ್ರಿಗೆ ಮಾತ್ರ ಸ್ವಂತ ಮೆಷಿನ್ ಲಾಭ. ಅವರೂ ಊರಲ್ಲಿ ಬೆಲ್ಟ್ ಮತ್ತು ನಡುಕ ತಡೆಯುವ ರಬ್ಬರ್ ಬುಷ್ ಸಿಗುವ ಮಾಡೆಲ್ಲನ್ನೇ ತೆಗೆದುಕೊಳ್ಳಬೇಕು. ಕೆಲಸದ ನಡುವೆ ಒಂದು ಬೆಲ್ಟಿಗಾಗಿ ಮೂರು ದಿನ ಕಾಯುವ ಪಾಡು ಬೇಡ.

ಬಾಡಿಗೆಗೆ ತರುವಾಗ ದರಕ್ಕಿಂತ ಮುಂಚೆ ಇವನ್ನು ಕೇಳಿ: ದಿನ ಎಂದರೆ ಎಷ್ಟು ಗಂಟೆ, ಓಡಿಸುವವರು ಜೊತೆಗೆ ಬರುತ್ತಾರಾ, ಪೆಟ್ರೋಲ್ ಯಾರದು, ಸಾಗಿಸುವ ಗಾಡಿ ಯಾರದು, ಕೆಟ್ಟರೆ ಬದಲಿ ಕೊಡುತ್ತಾರಾ. ನೂರು ಕೆ.ಜಿ. ಮೆಷಿನ್ ಅನ್ನು ಗೂಡ್ಸ್ ಆಟೋದಿಂದ ಇಳಿಸಲು ಕನಿಷ್ಠ ಇಬ್ಬರು ಗಟ್ಟಿ ಆಳು ಬೇಕು.

ಪೆಟ್ರೋಲ್ ಎಂಜಿನ್ನಿನದು ಎಲ್ಲಿಗಾದರೂ ಹೋಗುತ್ತದೆ. ಸದ್ದು ಜಾಸ್ತಿ, ಹೊಗೆ ಇದೆ, ಆದರೂ ಮನೆ ಕೆಲಸಕ್ಕೆ ನಾನು ಹೇಳುವುದು ಇದನ್ನೇ. ಕರೆಂಟಿನದು ಸದ್ದು ಕಡಿಮೆ, ಮುಚ್ಚಿದ ಪಾರ್ಕಿಂಗ್ ಒಳಗೆ, ನೆಲಮಾಳಿಗೆಯಲ್ಲಿ ಹೊಗೆಯ ಭಯ ಇಲ್ಲ. ಆದರೆ ಒದ್ದೆ ನೆಲದ ಮೇಲೆ ವೈರ್ ಎಳೆದುಕೊಂಡು ನಡೆಯಬೇಕು, ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ, ಕೆಲವಕ್ಕೆ ಮೂರು ಫೇಸ್ ಬೇಕು. ಡೀಸೆಲ್ ಎಂಜಿನ್ ಭಾರ, ಅದು ದಿನವಿಡೀ ಓಡಿಸುವ ಗುತ್ತಿಗೆದಾರರಿಗೆ. ರ್ಯಾಮರ್ ತರುತ್ತಿದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ ಎಂಜಿನ್ನೋ ಅಲ್ಲವೋ ಕೇಳಿಕೊಳ್ಳಿ. ತಪ್ಪು ಹಾಕಿದರೆ ಎಂಜಿನ್ ಹೋಗುತ್ತದೆ, ಮುಂಗಡವೂ ಹೋಗುತ್ತದೆ.

ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ ನೋಡಿ. ಪೂರ್ತಿ ವೇಗ ಕೊಟ್ಟಾಗ ಪ್ಲೇಟ್ ತಾನಾಗಿ ಮುಂದೆ ಹೋಗಬೇಕು. ಎಂಜಿನ್ ಕಿರುಚುತ್ತಿದ್ದು ಪ್ಲೇಟ್ ಸಪ್ಪೆಯಾಗಿ ಅಲುಗುತ್ತಿದ್ದರೆ ಬೆಲ್ಟ್ ಸಡಿಲ ಅಥವಾ ಕ್ಲಚ್ ಸವೆದಿದೆ. ಹಿಡಿಯ ರಬ್ಬರ್ ಹರಿದಿದ್ದರೆ ನಡುಕವೆಲ್ಲ ಓಡಿಸುವವರ ಕೈಗೆ ಬರುತ್ತದೆ. ತಳವನ್ನು ಮಗುಚಿ ನೋಡಲು ಆಗದಿದ್ದರೂ ಅಂಚಿಗೆ ಒಂದು ನೇರ ಪಟ್ಟಿ ಇಟ್ಟು ನೋಡಿ. ಬಾಗಿದ ತಳ ಜಲ್ಲಿಗೆ ಪರವಾಗಿಲ್ಲ, ಬ್ಲಾಕ್ ಒಡೆಯುತ್ತದೆ. ಬ್ಲಾಕಿನ ದಿನಕ್ಕೆ ತಳಕ್ಕೆ ಕಟ್ಟುವ ರಬ್ಬರ್ ಹಾಸು ಕೇಳಿ ಪಡೆಯಿರಿ, ಬಣ್ಣದ ಬ್ಲಾಕ್ ಮೇಲೆ ಗೀರು ಬೀಳುವುದಿಲ್ಲ.

ಓಡಿಸುವವರು ಚಪ್ಪಲಿಯಲ್ಲಿ ಇರಬಾರದು. ಶೂ ಇಲ್ಲದಿದ್ದರೆ ಕೊಡಿಸಿ. ಕಿವಿಗೆ ಮುಚ್ಚಳ, ಕೈಗೆ ಗ್ಲೌಸ್, ಅರ್ಧ ಗಂಟೆಗೊಮ್ಮೆ ಕೈ ಬದಲಾವಣೆ. ನಡುಕ ದಿನವಿಡೀ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ, ವರ್ಷಗಟ್ಟಲೆ ಹಿಡಿದವರಿಗೆ ಅದು ಖಾಯಂ ತೊಂದರೆ.

ಕೆಲಸದ ದಿನ

ಮೊದಲು ಅಗೆದ ನೆಲಕ್ಕೇ ಇಳಿಜಾರು ಕೊಡಿ, ಬ್ಲಾಕ್ ಹಾಸುವಾಗ ಕೊಡೋಣ ಎಂದು ಬಿಡಬೇಡಿ. ಹತ್ತು ಅಡಿಗೆ ಎರಡು ಇಂಚು, ಮನೆಯಿಂದ ಹೊರಗೆ. ದಾರ ಕಟ್ಟಿ, ಟ್ಯೂಬ್ ಲೆವೆಲ್ ಹಿಡಿದು ನೋಡಿ. ಆ ಮಣ್ಣನ್ನು ಗಟ್ಟಿ ಮಾಡಿ. ಆಮೇಲೆ ಜಲ್ಲಿ. ನಮ್ಮ 10–20 ಅಡಿ ಪಾರ್ಕಿಂಗ್‌ಗೆ ಗಟ್ಟಿಯಾದ ಮೇಲೆ ಆರು ಇಂಚು ಬರಬೇಕಾದರೆ 100 ಘನ ಅಡಿ ಸಾಲದು. ಗಟ್ಟಿಯಾಗುವಾಗ ಇಳಿಯುವುದನ್ನು ಸೇರಿಸಿ 120–125 ಘನ ಅಡಿ ತರಿಸಿ. ಎರಡು ಪದರ ಮಾಡಿ, ಪ್ರತಿ ಪದರಕ್ಕೂ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಕನಿಷ್ಠ ನಾಲ್ಕು ಸುತ್ತು. ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಸಂಪ್ ಮುಚ್ಚಳ, ಸೆಪ್ಟಿಕ್ ಟ್ಯಾಂಕ್ ಸ್ಲ್ಯಾಬ್ ಮೇಲೆ ಮೆಷಿನ್ ಬೇಡ.

ಸಾಕಾಯಿತು ಎಂದು ಗೊತ್ತಾಗುವುದು ಹೇಗೆ? ಸದ್ದು ಬದಲಾಗುತ್ತದೆ. ಮೊದಲು ಮಂದವಾಗಿದ್ದದ್ದು ಟಣಟಣ ಎನ್ನುತ್ತದೆ, ಪ್ಲೇಟ್ ನೆಲದಿಂದ ಕುಪ್ಪಳಿಸಲು ಶುರು ಮಾಡುತ್ತದೆ. ಶೂ ಹಿಮ್ಮಡಿ ಊರಿದರೆ ಗುರುತು ಬೀಳಬಾರದು. ಇನ್ನೂ ಸಂಶಯ ಇದ್ದರೆ ಜಲ್ಲಿಯ ಮೇಲೆ ಕಾರನ್ನೇ ನಿಧಾನಕ್ಕೆ ಹತ್ತಿಸಿ, ಚಕ್ರದ ಪಟ್ಟಿ ತಗ್ಗಾಗುತ್ತದಾ ನೋಡಿ. ತಗ್ಗಾದ ಕಡೆ ಅಗೆದು ಮತ್ತೆ ತುಂಬಿ. ಕುಪ್ಪಳಿಸಲು ಶುರುವಾದ ಮೇಲೂ ಓಡಿಸುತ್ತಿದ್ದರೆ ಜಲ್ಲಿ ಪುಡಿಯಾಗುತ್ತದೆ, ಮೆಷಿನ್ನೂ ಹಾಳು.

ಜಲ್ಲಿಯ ಮೇಲೆ ಒಂದರಿಂದ ಒಂದೂವರೆ ಇಂಚು ಮರಳು. ಇದರ ಮೇಲೆ ಪ್ಲೇಟ್ ಓಡಿಸಬಾರದು. ಅನೇಕ ಕಡೆ ಇದನ್ನೂ ಗಟ್ಟಿ ಮಾಡಿ, ನೀರು ಹೊಡೆದು, ಆಮೇಲೆ ಬ್ಲಾಕ್ ಇಡುತ್ತಾರೆ. ಮರಳು ಸಡಿಲವಾಗಿದ್ದರೇ ಬ್ಲಾಕ್ ಒತ್ತಿದಾಗ ಅದರೊಳಗೆ ಕಚ್ಚಿ ಕೂರುವುದು. ಮರಳಿನ ದಪ್ಪವೂ ಎಲ್ಲ ಕಡೆ ಒಂದೇ ಇರಬೇಕು. ಜಲ್ಲಿಯ ತಗ್ಗನ್ನು ಮರಳು ಸುರಿದು ಮುಚ್ಚಿದರೆ ಅಲ್ಲೇ ಮೊದಲು ಇಳಿಯುವುದು. ಡಸ್ಟ್ ಅಗ್ಗ, ಗೊತ್ತು. ಆದರೆ ಅದರ ಹಿಟ್ಟಿನಂಥ ಪುಡಿ ನೀರು ಹಿಡಿದಿಟ್ಟು ಮೆತ್ತಗಾಗುತ್ತದೆ. ತೊಳೆದ ಎಂ-ಸ್ಯಾಂಡ್‌ಗೆ ಕೊಡುವ ಹೆಚ್ಚಿನ ದುಡ್ಡು ಇಷ್ಟು ಕಡಿಮೆ ದಪ್ಪಕ್ಕೆ ದೊಡ್ಡದಲ್ಲ.

ಬ್ಲಾಕ್ ಹಾಸಿ, ಅಂಚಿಗೆ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂತು ಗಟ್ಟಿಯಾದ ಮೇಲೆ ಮತ್ತೆ ಪ್ಲೇಟ್. ಕರ್ಬ್ ಇಲ್ಲದ ಕಡೆ, ಕೆಲಸ ಇನ್ನೂ ಮುಂದುವರಿಯಬೇಕಾದ ಅಂಚಿನಿಂದ ಮೂರು ಅಡಿ ಒಳಗೇ ಇರಿ, ಇಲ್ಲದಿದ್ದರೆ ಸಾಲು ಸರಿಯುತ್ತದೆ. ಸಂದಿಗೆ ಮರಳು ಹಾಕುವ ಮುಂಚೆ ಎರಡು ಸುತ್ತು. ಒಡೆದ ಬ್ಲಾಕ್ ಇದ್ದರೆ ಈಗಲೇ ಬದಲಿಸಿ, ಆಮೇಲೆ ಕೀಳುವುದು ಕಷ್ಟ. ಈಗ ಸಣ್ಣ ಜರಡಿಯಲ್ಲಿ ಸೋಸಿದ ಒಣ ಮರಳು ಸುರಿದು ಪೊರಕೆಯಲ್ಲಿ ಸಂದಿಗೆ ತುಂಬಿ, ಮತ್ತೆರಡು ಸುತ್ತು, ಮತ್ತೆ ಮರಳು, ಸಂದು ತುಂಬುವವರೆಗೆ. ಮರಳು ಒಣಗಿರಲೇಬೇಕು, ಒದ್ದೆ ಇದ್ದರೆ ಬಾಯಲ್ಲೇ ನಿಂತುಬಿಡುತ್ತದೆ. ಅಂದೇ ಸಂಜೆ ಕಾರು ನಿಲ್ಲಿಸಬಹುದು. ಒಂದೆರಡು ಮಳೆಯ ನಂತರ ಸಂದಿನ ಮರಳು ಅರ್ಧ ಇಂಚು ಇಳಿದಿರುತ್ತದೆ, ಆಗ ಇನ್ನೊಮ್ಮೆ ತುಂಬಲು ಎರಡು ಚೀಲ ಮರಳು ಒಣಗಿಸಿ ಮಾಡಿನ ಕೆಳಗೆ ಎತ್ತಿಡಿ.